ಲಿಪಿ ಬದಲಿಸಿದರೆ ಭಾಷಾಂತರವಲ್ಲ: ಆದವಾನಿ ಸೀಮೆಯ ಕನ್ನಡ–ತೆಲುಗು ಸಮಾನ ಪದಗಳು

ಇವತ್ತು ನಾನು ಮಾತಾಡ್ತಿರೋದು ಆದವಾನಿ, ಅಂದರೆ ಈಗಿನ ಆದೋನಿ, ಮತ್ತು ಅದರ ಸುತ್ತಲಿನ ಪಶ್ಚಿಮ ಕರ್ನೂಲು ಸೀಮೆಯ ಬಗ್ಗೆ. ಅಲ್ಲಿ ಕನ್ನಡ ಮತ್ತು ತೆಲುಗು ಎರಡೂ ಬಳಸುವ ಸಂಸ್ಕೃತ ಪದಗಳು ಓದುಗನನ್ನು ಹೇಗೆ ದಾರಿ ತಪ್ಪಿಸುತ್ತವೆ ಅನ್ನೋದು ನನ್ನ ವಿಷಯ. ಹೋಲಿಕೆಗೆ ಜಪಾನೀ ಭಾಷೆಯನ್ನು ತಗೊಂಡಿದ್ದೇನೆ. ಅಲ್ಲಿಂದಲೇ ಶುರುಮಾಡೋಣ.

ಜಪಾನೀ ಭಾಷೆ ಚೀನೀ ಭಾಷೆಯ ಮನೆತನದ್ದಲ್ಲ. ನಮ್ಮ ಭಾಷೆಗಳ ಹಾಗೆ ಅದರಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತೆ. ಆದರೂ ಸುಮಾರು ಐದನೇ ಶತಮಾನದಿಂದೀಚೆಗೆ ಕೊರಿಯಾದ ಮೂಲಕ ಚೀನೀ ಅಕ್ಷರಗಳು ಜಪಾನಿಗೆ ಬಂದವು. ಅವುಗಳ ಜೊತೆ ಸಾವಿರಾರು ಪದಗಳೂ ಬಂದವು. ಹಾಗಾಗಿ ಒಂದೇ ಅಕ್ಷರಕ್ಕೆ ಎರಡು ಬಗೆಯ ಓದು ಹುಟ್ಟಿತು. ನೀರು ಅನ್ನುವ ಅಕ್ಷರ ಒಂಟಿಯಾಗಿ ಬಂದರೆ ಅದನ್ನು ‘ಮಿಜು’ ಅಂತ ಓದುತ್ತಾರೆ. ಅದು ದೇಶ್ಯ ಪದ. ಬುಧವಾರದ ಹೆಸರಿನಲ್ಲಿ ಅದೇ ಅಕ್ಷರ ಬಂದಾಗ ‘ಸುಯಿ’ ಆಗುತ್ತೆ. ಅದು ಚೀನೀ ಮೂಲದ್ದು.

ನಮಗೆ ಇದು ತೀರಾ ಹೊಸದಲ್ಲ. ಕುಡಿಯೋಕೆ ‘ನೀರು’ ಕೇಳ್ತೀವಿ, ‘ಜಲ’ ಕೇಳಲ್ಲ. ಆದರೆ ಅಣೆಕಟ್ಟು ಕಟ್ಟಿದರೆ ಅದು ಜಲಾಶಯ. ಒಂದೇ ಪದ ಬೇರೆ ಬೇರೆ ಕಾಲದಲ್ಲಿ ಬಂದು ಬೇರೆ ಬೇರೆ ರೂಪ ತಳೆಯೋದೂ ಎರಡೂ ಕಡೆ ಇದೆ. ‘ವರ್ಣ’ವೂ ನಮ್ಮದೇ, ಅದರ ತದ್ಭವ ‘ಬಣ್ಣ’ವೂ ನಮ್ಮದೇ. ಹದಿಮೂರನೇ ಶತಮಾನದ ‘ಶಬ್ದಮಣಿದರ್ಪಣ’ದಲ್ಲಿ ಕೇಶಿರಾಜ ಇಂಥ ಬದಲಾವಣೆಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ.

ಸಾಲ ತಂದ ಪದಗಳಿಂದ ನೆಂಟಸ್ತನ ತೀರ್ಮಾನ ಆಗೋದಿಲ್ಲ ಅನ್ನೋದು ಇಲ್ಲಿ ಗಮನಿಸಬೇಕಾದ ಮಾತು. ಕನ್ನಡ–ತೆಲುಗು ನೆಂಟರು ಅನ್ನೋದಕ್ಕೆ ‘ಪುಸ್ತಕ’, ‘ಪುಸ್ತಕಂ’ ಸಾಕ್ಷಿಯಲ್ಲ. ಹಾಲು–ಪಾಲು, ಹುಲಿ–ಪುಲಿ, ಹಂದಿ–ಪಂದಿ ಸಾಕ್ಷಿ. ಎಫ್. ಡಬ್ಲ್ಯು. ಎಲ್ಲಿಸ್ ಈ ವಾದವನ್ನು 1816ರಲ್ಲೇ ಮುಂದಿಟ್ಟರು. ಅದು ಅಚ್ಚಾದದ್ದು ಎ. ಡಿ. ಕ್ಯಾಂಪ್‌ಬೆಲ್ಲರ ತೆಲುಗು ವ್ಯಾಕರಣದ ಪೀಠಿಕೆಯ ಜೊತೆಗೆ. ಈ ಕ್ಯಾಂಪ್‌ಬೆಲ್ಲರ ಹೆಸರು ನೆನಪಿರಲಿ, ಮುಂದೆ ಮತ್ತೆ ಬರುತ್ತೆ.

ಈಗ ಅರ್ಥದ ವಿಷಯ. ಜಪಾನಿನಲ್ಲಿ ‘ಕೈ’ ಮತ್ತು ‘ಕಾಗದ’ ಅನ್ನುವ ಎರಡು ಅಕ್ಷರ ಸೇರಿಸಿದರೆ ‘ಟೆಗಮಿ’, ಅಂದರೆ ಪತ್ರ. ಅದೇ ಎರಡು ಅಕ್ಷರಗಳು ಇವತ್ತಿನ ಚೀನಾದಲ್ಲಿ ಶೌಚಾಲಯದ ಕಾಗದ! ಆದವಾನಿ ಕಡೆ ಬಂದರೆ ಇಂಥವು ಹೆಜ್ಜೆಹೆಜ್ಜೆಗೂ ಸಿಗುತ್ತವೆ. ‘ನನಗೆ ಅವಸರ’ ಅಂದರೆ ಕನ್ನಡದಲ್ಲಿ ಗಡಿಬಿಡಿ ಇದೆ ಅಂತ. ತೆಲುಗಿನ ‘ನಾಕು ಅವಸರಂ’ ಅಂದರೆ ನನಗೆ ಬೇಕು ಅಂತ. ಕನ್ನಡದ ಅವಸರಕ್ಕೆ ತೆಲುಗಿನಲ್ಲಿ ‘ತೊಂದರ’ ಅನ್ನುತ್ತಾರೆ. ನಮ್ಮ ‘ತೊಂದರೆ’ ಬೇರೆಯೇ. ಸಂಸ್ಕೃತದಲ್ಲಿ ‘ಅವಸರ’ ಅಂದರೆ ಸಂದರ್ಭ, ಸಮಯ. ಎರಡೂ ಭಾಷೆಗಳು ಪದವನ್ನು ತಂದು ತಮ್ಮ ತಮ್ಮ ಕೆಲಸಕ್ಕೆ ಹಚ್ಚಿಕೊಂಡಿವೆ. ಇದರಲ್ಲಿ ಯಾರೂ ಕೆಡಿಸಿದ್ದಲ್ಲ.

ಬಜಾರಿನಲ್ಲಿ ಇದರಿಂದ ನಷ್ಟವಿಲ್ಲ. ಹೊಳಗುಂದ, ಕೌತಾಳಂ, ಹಾಲಹರ್ವಿ ಕಡೆ ಎರಡೂ ಭಾಷೆ ಆಡಿ ಬೆಳೆದವರು ಇಡೀ ವಾಕ್ಯ ಕೇಳಿ ಅರ್ಥ ಮಾಡ್ಕೋತಾರೆ. ತೊಡಕು ಇರೋದು ಅಚ್ಚಿನ ಭಾಷೆಯಲ್ಲಿ, ಅದರಲ್ಲೂ ಕಚೇರಿ ಮತ್ತು ಪಾಠದ ಭಾಷೆಯಲ್ಲಿ. ಉದಾಹರಣೆಗೆ ಮೂರು ಪದ ನೋಡೋಣ.

ಒಂದು, ‘ರಾಷ್ಟ್ರ’. ನಮಗೆ ಅದು ಇಡೀ ದೇಶ. ತೆಲುಗಿನಲ್ಲಿ ‘ರಾಷ್ಟ್ರಂ’ ಅಂದರೆ ರಾಜ್ಯ. ಎರಡು, ‘ಜಾತೀಯ’. ತೆಲುಗಿನಲ್ಲಿ ಅದು ರಾಷ್ಟ್ರೀಯ. ‘ಜಾತೀಯ ಗೀತಂ’ ಅಂದರೆ ನಮ್ಮ ರಾಷ್ಟ್ರಗೀತೆ. ಕನ್ನಡದ ಕಿವಿಗೆ ಜಾತೀಯ ಅಂದರೆ ಜಾತಿಗೆ ಸಂಬಂಧಪಟ್ಟದ್ದು. ಮೂರು, ‘ಶಾಖೆ’. ನಮಗೆ ಬ್ಯಾಂಕಿನ ಶಾಖೆ. ತೆಲುಗಿನ ‘ವಿದ್ಯಾ ಶಾಖ’ ನಮ್ಮ ಶಿಕ್ಷಣ ಇಲಾಖೆ. ಪಾರಸಿ ಮೂಲದ ಪದಗಳೂ ಇದಕ್ಕೆ ಹೊರತಲ್ಲ. ತೆಲುಗಿನಲ್ಲಿ ಯಾವ ಅರ್ಜಿಯಾದರೂ ‘ದರಖಾಸ್ತು’. ಕನ್ನಡದಲ್ಲಿ ದರಖಾಸ್ತು ಅಂದರೆ ಸರ್ಕಾರಿ ಜಮೀನಿನ ಮಾತು.

ಇಂಥ ಅಂತರ ಗಟ್ಟಿಯಾಗೋದಕ್ಕೆ ಆಡಳಿತ ಒಂದು ಕಾರಣ. ಹತ್ತೊಂಬತ್ತನೇ ಶತಮಾನದಲ್ಲಿ ಜಪಾನೀಯರು ಚೀನೀ ಅಕ್ಷರ ಜೋಡಿಸಿ ಹೊಸ ಪದ ಕಟ್ಟಿದರು. ತತ್ವಶಾಸ್ತ್ರಕ್ಕೆ ನಿಶಿ ಅಮಾನೆ ಕಟ್ಟಿದ ‘ಟೆತ್ಸುಗಾಕು’ ಚೀನಾಕ್ಕೂ ಹೋಗಿ ಅಲ್ಲಿಯ ಪದವೇ ಆಯಿತು. ನಮ್ಮಲ್ಲಿ ಹಾಗಾಗಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಜಿಲ್ಲೆ ಒಡೆದು, ಬಳ್ಳಾರಿ ಮೈಸೂರಿಗೆ ಸೇರಿತು. ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಸಂಸ್ಕೃತದ ಗಣಿ ಒಂದೇ ಆದರೂ ಎರಡು ಸರ್ಕಾರಗಳು ತಮಗೆ ಬೇಕಾದ್ದನ್ನು ಬೇರೆ ಬೇರೆಯಾಗಿ ಆರಿಸಿಕೊಂಡವು. ಆದವಾನಿಯ ಕನ್ನಡಿಗ ಮಾತ್ರ ಎರಡನ್ನೂ ಓದಬೇಕು.

ಇಲ್ಲೇ ಅಪಾಯ ಇರೋದು. ಎರಡೂ ಲಿಪಿಗಳು ಒಂದೇ ಬೇರಿನವು, ಪದಗಳೂ ಪರಿಚಿತ. ತೆಲುಗಿನ ‘ಜಾತೀಯ ಸಮೈಕ್ಯತ’ವನ್ನು ಕನ್ನಡ ಅಕ್ಷರಕ್ಕೆ ಇಳಿಸಿ ಒಂದು ‘ಎ’ಕಾರ ಹಚ್ಚಿದರೆ ಸಾಕು, ‘ಜಾತೀಯ ಸಮೈಕ್ಯತೆ’ ಕನ್ನಡದ ಹಾಗೇ ಕಾಣುತ್ತೆ. ಆದರೆ ದೇಶದ ಐಕ್ಯ ಕುರಿತ ಮಾತು ಜಾತಿಯ ಒಗ್ಗಟ್ಟಿನ ಮಾತಾಗಿಬಿಡುತ್ತೆ. ಇಂಗ್ಲಿಷ್ ಪದ ತಿಳಿಯದಿದ್ದರೆ ಮಗು ಕೈಯೆತ್ತಿ ಕೇಳುತ್ತೆ. ತಿಳಿದಂತೆ ಕಾಣುವ ಪದದ ಬಗ್ಗೆ ಯಾರೂ ಕೇಳೋದಿಲ್ಲ.

ಈಗ ಕ್ಯಾಂಪ್‌ಬೆಲ್. ಮುಂದೆ ಅವರು ಬಳ್ಳಾರಿಯ ಕಲೆಕ್ಟರ್ ಆದರು. ಆಗ ಆದವಾನಿ ಅದೇ ಜಿಲ್ಲೆಯಲ್ಲಿತ್ತು. 1823ರ ಅವರ ವರದಿಯ ಪ್ರಕಾರ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು: ಕನ್ನಡದವು 235, ತೆಲುಗಿನವು 226, ಸಂಸ್ಕೃತದವು 23, ಪಾರಸಿಯವು 21. ಅವರ ದೂರು ಏನಂದರೆ, ಮಕ್ಕಳು ಓದುವ ಪದ್ಯದ ಭಾಷೆ ಆಡುಮಾತಿಗಿಂತ ದೂರವಿತ್ತು. ಅಕ್ಷರ ಓದುತ್ತಿದ್ದರು, ಪದ್ಯ ಒಪ್ಪಿಸುತ್ತಿದ್ದರು, ಅರ್ಥ ಮಾತ್ರ ತಿಳೀತಿರಲಿಲ್ಲ. ನಾವು ಗಿಳಿಪಾಠ ಅನ್ನೋದು ಇದನ್ನೇ. ಕಲೆಕ್ಟರ್ ಸಾಹೇಬರ ದೃಷ್ಟಿಕೋನದ ಬಗ್ಗೆ ತಕರಾರು ಇರಬಹುದು, ಆದರೆ ಈ ಅವಲೋಕನವನ್ನು ತಳ್ಳಿಹಾಕುವಂತಿಲ್ಲ.

ಕೊನೆಗೆ ನನ್ನ ಸಲಹೆ ಎರಡು. ಗಡಿ ಭಾಗದ ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಥ ಸಮಾನ ಪದಗಳ ಒಂದು ಚಿಕ್ಕ ಪಟ್ಟಿ ಬೇಕು, ಪ್ರತಿ ಪದಕ್ಕೂ ಎರಡೂ ಭಾಷೆಯ ಒಂದೊಂದು ಪೂರ್ತಿ ವಾಕ್ಯದ ಸಮೇತ. ಎರಡನೆಯದು, ತೆಲುಗಿನಿಂದ ಕನ್ನಡಕ್ಕೆ ತರುವವರು ಕಷ್ಟದ ಪದಕ್ಕಿಂತ ಸುಲಭದ ಪದವನ್ನೇ ಮೊದಲು ಅನುಮಾನಿಸಬೇಕು. ಇಲ್ಲಿಗೆ ನಿಲ್ಲಿಸ್ತೀನಿ. ಗಡಿ ಊರುಗಳಿಂದ ಸೇರಿರುವವರು ನಿಮ್ಮ ಕಡೆಯ ಪದಗಳನ್ನು ಹೇಳಿ, ಚರ್ಚೆ ಮಾಡೋಣ.