ಯಾಕ ಸುಮ್ ಕುಂತಾನ?

ಶಹಾಬಾದಿನ ಫರಸಿ ಖಣಿಯಲ್ಲಿ ಮಾತಿಲ್ಲದೆ ಕೆಲಸ ಸಾಗುವುದಿಲ್ಲ. ಪದರ ಪದರವಾಗಿ ಮಲಗಿರುವ ಸುಣ್ಣಕಲ್ಲಿನ ಸಂದಿಗೆ ಒಬ್ಬ ಹಾರೆ ಕೊಟ್ಟು ಮೀಟಿದರೆ ಇನ್ನೊಬ್ಬ ಅಂಚು ಹಿಡಿಯಬೇಕು. ಕೂಗು ತಪ್ಪಿದರೆ ಚಪ್ಪಡಿ ಕಾಲ ಮೇಲೆ. ಇಂಥ ತಂಡದಲ್ಲಿ ಒಬ್ಬ ಮಾತು ಬಿಟ್ಟರೆ ಮನೆಯವರಿಗಿಂತ ಮೊದಲು ಜೊತೆಗಾರರಿಗೆ ತಿಳಿಯುತ್ತದೆ. ಕರೆದರೆ ಓಗೊಡುವುದು ತಡ. ಮಧ್ಯಾಹ್ನ ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ ದೂರ ಹೋಗಿ ಕೂಡುತ್ತಾನೆ. "ಏನಾಗ್ಯಾದೋ?" ಎಂದರೆ "ಏನಿಲ್ಲ ಬಿಡು". ಕೆಲವು ದಿನ ಕೆಲಸಕ್ಕೇ ಬರುವುದಿಲ್ಲ. ಸಾಲ ಆಗಿರಬೇಕು, ಮನೆಯಲ್ಲಿ ಜಗಳ ಇರಬೇಕು, ಸೊಕ್ಕು ಬಂದಿರಬೇಕು, ಯಾರೋ ಮಾಟ ಮಾಡಿಸಿರಬೇಕು ಎಂದು ನಾಲ್ಕು ಮಾತು ಹುಟ್ಟುತ್ತವೆ. ಖಿನ್ನತೆ ಇರಬಹುದೇ ಎಂಬ ಮಾತು ಮಾತ್ರ ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿಯ ಕಟ್ಟೆಗಳ ಮೇಲೆ ಅಪರೂಪ.

ಖಿನ್ನತೆ ಎಂದರೆ ಅಳು, ಗೋಳಾಟ ಎಂದೇ ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ವೈದ್ಯರ ಲೆಕ್ಕ ಬೇರೆ. ಮನಸ್ಸು ಕುಗ್ಗಿರುವುದು ಒಂದು ಮುಖ್ಯ ಲಕ್ಷಣವಾದರೆ, ಮೊದಲು ಇಷ್ಟವಿದ್ದ ಯಾವುದರಲ್ಲೂ ಆಸಕ್ತಿ ಉಳಿಯದಿರುವುದು ಇನ್ನೊಂದು. ಎರಡರಲ್ಲಿ ಒಂದಾದರೂ ಇದ್ದು, ಜೊತೆಗೆ ನಿದ್ದೆ, ಹಸಿವು, ಏಕಾಗ್ರತೆ, ಶಕ್ತಿಯಂಥವು ಎರಡು ವಾರ ಹೆಚ್ಚುಕಡಿಮೆ ದಿನವೂ ಕೆಟ್ಟಿದ್ದರೆ ಖಿನ್ನತೆಯನ್ನು ಯೋಚಿಸಬೇಕಾಗುತ್ತದೆ. ಒಂದು ಹನಿ ಕಣ್ಣೀರು ಹಾಕದವನಿಗೂ ಈ ಕಾಯಿಲೆ ಇರಬಹುದು. ಜಗತ್ತಿನಾದ್ಯಂತ ವೈದ್ಯರು ಬಳಸುವ ಒಂಬತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ. ಅದರ ಎಂಟನೆಯ ಪ್ರಶ್ನೆಯಲ್ಲಿ, ಬೇರೆಯವರ ಗಮನಕ್ಕೆ ಬರುವಷ್ಟು ನಿಮ್ಮ ನಡೆ, ಮಾತು ನಿಧಾನವಾಗಿದೆಯೇ ಎಂದು ಕೇಳುತ್ತಾರೆ. ಪಕ್ಕದಲ್ಲಿರುವವರ ಕಣ್ಣಿಗೆ ಬಿದ್ದದ್ದೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ.

ಈ ನಿಧಾನವನ್ನು ಅಳೆದು ನೋಡಿದ್ದಾರೆ. ಖಿನ್ನತೆ ಇರುವವರ ಮಾತನ್ನು ಧ್ವನಿಮುದ್ರಿಸಿ ಪರೀಕ್ಷಿಸಿದಾಗ ಪದ ಪದದ ನಡುವಿನ ಬಿಡುವು ಉದ್ದವಾಗಿರುವುದು, ಉತ್ತರ ಶುರುವಾಗಲು ಹೆಚ್ಚು ಹೊತ್ತು ಹಿಡಿಯುವುದು, ದನಿಯ ಏರಿಳಿತ ಕಡಿಮೆಯಾಗಿರುವುದು ಕಂಡಿದೆ. ಚಿಕಿತ್ಸೆಯಿಂದ ಚೇತರಿಸಿಕೊಂಡವರಲ್ಲಿ ಆ ಬಿಡುವು ಮತ್ತೆ ಕಿರಿದಾಗುತ್ತದೆ. ಅಂದರೆ ಇದು ಬೇಕೆಂದೇ ಮುನಿಸಿಕೊಂಡು ಬಾಯಿ ಮುಚ್ಚಿಕೊಳ್ಳುವುದಲ್ಲ.

ಯಾಕೆ ಹೀಗೆ? ಮಿದುಳಿನ ಆಳದಲ್ಲಿ, ಸಿಗಲಿರುವ ಸುಖವನ್ನೂ ಅದಕ್ಕೆ ಬೇಕಾದ ಶ್ರಮವನ್ನೂ ತೂಗುವ ಜಾಲವೊಂದಿದೆ. ಡೋಪಮೈನ್ ಎಂಬ ರಾಸಾಯನಿಕಕ್ಕೆ ಅಲ್ಲಿ ದೊಡ್ಡ ಪಾತ್ರ. ಒಂದು ಪ್ರಯೋಗದಲ್ಲಿ ಜನರ ಮುಂದೆ ಎರಡು ಆಯ್ಕೆ ಇಟ್ಟರು: ಗುಂಡಿಯನ್ನು ಸ್ವಲ್ಪ ಒತ್ತಿದರೆ ಸ್ವಲ್ಪ ಹಣ, ಬಹಳ ಸಲ ಬೇಗ ಬೇಗ ಒತ್ತಿದರೆ ಹೆಚ್ಚು ಹಣ. ಖಿನ್ನತೆ ಇದ್ದವರು ಹೆಚ್ಚಿನ ಹಣಕ್ಕಾಗಿ ಕಷ್ಟದ ಆಯ್ಕೆ ಮಾಡಿದ್ದು ಉಳಿದವರಿಗಿಂತ ಕಡಿಮೆ. ಮಾತಾಡುವುದೂ ಒಂದು ಶ್ರಮ. ಎದುರಿನವರ ಮುಖ ಓದಬೇಕು, ಪದ ಹುಡುಕಬೇಕು, ನಗಬೇಕಾದಲ್ಲಿ ನಗಬೇಕು. ಅದರಿಂದ ಏನೂ ಸಿಗದು ಎಂದು ಮಿದುಳು ಮೊದಲೇ ತೀರ್ಮಾನಿಸಿದ್ದರೆ "ಏನಿಲ್ಲ ಬಿಡು" ಅನ್ನುವುದಷ್ಟೇ ಕೈಗೆಟುಕುವ ಉತ್ತರ.

ಇನ್ನೊಂದು ವಿವರಣೆ ನಮ್ಮ ರೈತರಿಗೆ ತಟ್ಟನೆ ಅರ್ಥವಾಗುವಂಥದು. ಜ್ವರ ಬಂದ ಎತ್ತು ಮೇವು ಬಿಟ್ಟು, ತಲೆ ತಗ್ಗಿಸಿ, ದನಗಳ ಗುಂಪಿನಿಂದ ಹೊರಗೆ ನಿಲ್ಲುತ್ತದೆ. ಇದು ದೇಹ ಸೋತ ಗುರುತಲ್ಲ, ಸೋಂಕಿನ ವಿರುದ್ಧ ಶಕ್ತಿ ಉಳಿಸುವ ಏರ್ಪಾಡು ಎಂದು ಬೆಂಜಮಿನ್ ಹಾರ್ಟ್ ಎಂಬ ಪಶುವೈದ್ಯ ವಿಜ್ಞಾನಿ 1988ರಲ್ಲಿ ವಾದಿಸಿದರು. ರೋಗನಿರೋಧಕ ಕಣಗಳು ಹೊರಬಿಡುವ ರಾಸಾಯನಿಕಗಳು ಮಿದುಳಿಗೆ ಸುದ್ದಿ ಮುಟ್ಟಿಸಿ ಪ್ರಾಣಿಯನ್ನು ಮೂಲೆ ಹಿಡಿಸುತ್ತವೆ. ಹಿಂದೆ ಹೆಪಟೈಟಿಸ್ ಸಿ ರೋಗಿಗಳಿಗೆ ಇಂಟರ್‌ಫೆರಾನ್ ಎಂಬ ಅಂಥದೇ ರಾಸಾಯನಿಕವನ್ನು ಚುಚ್ಚುಮದ್ದಾಗಿ ಕೊಡುತ್ತಿದ್ದಾಗ, ಅವರಲ್ಲಿ ಎಷ್ಟೋ ಮಂದಿಗೆ ಖಿನ್ನತೆ ಬಂತು. ಎಲ್ಲ ಖಿನ್ನತೆಗೂ ಇದೇ ಕಾರಣ ಎಂದಲ್ಲ. ಆದರೆ ಜನರಿಂದ ದೂರ ಸರಿಯುವ ನಡವಳಿಕೆಗೆ ದೇಹದಲ್ಲೇ ಬೇರು ಇದೆ ಎಂಬುದು ಇದರಿಂದ ಸ್ಪಷ್ಟ.

ಜ್ವರ ನಾಲ್ಕು ದಿನಕ್ಕೆ ಇಳಿಯುತ್ತದೆ, ಎತ್ತು ಮತ್ತೆ ಗುಂಪು ಸೇರುತ್ತದೆ. ಖಿನ್ನತೆಯಲ್ಲಿ ಮೂಲೆ ಹಿಡಿದಷ್ಟೂ ಕಾಯಿಲೆ ಬಲಿಯುತ್ತದೆ. ಜಾತ್ರೆಗೆ ಹೋಗದಿದ್ದರೆ ಜಾತ್ರೆಯ ಖುಷಿಯೂ ಇಲ್ಲ, ಗೆಳೆಯನ ಫೋನ್ ಎತ್ತದಿದ್ದರೆ ಅವನೂ ಕರೆಯುವುದು ಬಿಡುತ್ತಾನೆ, ಯಾರಿಗೂ ನಾನು ಬೇಡ ಎಂಬ ಯೋಚನೆಗೆ ಸಾಕ್ಷಿ ಸಿಕ್ಕಂತಾಗುತ್ತದೆ.

ಗಂಡಸು ಸುಮ್ಮನಾದರೆ ಖಣಿಯಲ್ಲೋ ಸಿಮೆಂಟ್ ಫ್ಯಾಕ್ಟರಿಯಲ್ಲೋ ನಾಲ್ಕು ಜನ ಕೇಳುತ್ತಾರೆ. ಹೆಣ್ಣುಮಗಳು ಸುಮ್ಮನಾದರೆ ಹೊಗಳುತ್ತಾರೆ. "ನಮ್ ಸೊಸಿ ಭಾಳ ಛಲೋ, ಎದುರು ಮಾತಾಡಂಗಿಲ್ಲ." ಹೆರಿಗೆಯಾಗಿ ಬಂದವಳು ಕೂಸನ್ನು ಎತ್ತಿಕೊಳ್ಳಲೂ ಮನಸ್ಸಿಲ್ಲದೆ ಗೋಡೆಗೆ ಮುಖ ಮಾಡಿ ಮಲಗಿದ್ದರೂ ಬಾಣಂತನದ ದಣಿವು ಎಂದು ಬಿಡುತ್ತಾರೆ. ಯಾರಿಗೂ ತೊಂದರೆ ಕೊಡದ ಈ ಕಾಯಿಲೆ ಕಣ್ಣಿಗೆ ಬೀಳದೇ ಹೋಗುವುದು ನನ್ನನ್ನು ಬಹಳ ಕಾಡುತ್ತದೆ. ಹುಟ್ಟಾ ಮಿತಭಾಷಿಗಳಿಗೆ ಇದು ಅನ್ವಯಿಸುವುದಿಲ್ಲ, ಅವರ ಮೌನ ಅವರ ಸ್ವಭಾವ. ನೋಡಬೇಕಾದದ್ದು ಬದಲಾವಣೆಯನ್ನು: ಹೋದ ವರ್ಷ ತೊಗರಿ ರಾಶಿಯ ಹೊತ್ತಿಗೆ ಕಣದಲ್ಲಿ ಎಲ್ಲರನ್ನೂ ನಗಿಸಿದವಳು ಈ ವರ್ಷ ಹೇಗಿದ್ದಾಳೆ?

ಮೌನಕ್ಕೆ ಬೇರೆ ಕಾರಣಗಳೂ ಉಂಟು. ಥೈರಾಯ್ಡ್ ಕುಂದಿದರೆ, ರಕ್ತಹೀನತೆ ಇದ್ದರೆ, ವಯಸ್ಸಾದವರಿಗೆ ಕಿವಿ ಮಂದವಾದರೆ ಮನುಷ್ಯ ಹೀಗೇ ಮಂಕಾಗುತ್ತಾನೆ. ಸಾವಿನ ದುಃಖ ಇರಬಹುದು, ಕುಡಿತ ಇರಬಹುದು, ಹರೆಯದವರಲ್ಲಿ ಬೇರೊಂದು ಮನೋರೋಗದ ಆರಂಭ ಇರಬಹುದು. ಆದ್ದರಿಂದ ಮನೆಯಲ್ಲಿ ಕುಳಿತು ಖಿನ್ನತೆ ಎಂದು ತೀರ್ಪು ಕೊಡುವುದು ಬೇಡ, ವೈದ್ಯರು ನೋಡಲಿ. ಮಾತು ಪೂರ್ತಿ ನಿಂತು, ಊಟ ನೀರನ್ನೂ ಬಿಟ್ಟು, ಕೂರಿಸಿದಲ್ಲೇ ಕಲ್ಲಿನಂತೆ ಕೂತರೆ ಅದು ತುರ್ತು ಪರಿಸ್ಥಿತಿ. ಅಂದೇ ಆಸ್ಪತ್ರೆಗೆ ಒಯ್ಯಬೇಕು. ಸರಿಯಾದ ಔಷಧಿಗೆ ಇಂಥವರು ಎಷ್ಟೋ ಸಲ ಬಹಳ ಬೇಗ ಸ್ಪಂದಿಸುತ್ತಾರೆ.

ಕೇಳುವ ರೀತಿಯೂ ಮುಖ್ಯ. "ನಿನಗೇನು ಕಡಿಮೆ ಮಾಡೀವಿ?" ಎಂದರೆ ಬಾಯಿ ಇನ್ನಷ್ಟು ಬಿಗಿಯುತ್ತದೆ. "ರಾತ್ರಿ ನಿದ್ದಿ ಬರ್ತದೇನು? ಊಟ ರುಚಿ ಹತ್ತತದೇನು?" ಎಂದು ಕೇಳಿ, ಉತ್ತರ ತಡವಾದರೂ ಕಾಯಬೇಕು. ಆ ತಡ ಕಾಯಿಲೆಯದು. ಸಾಯುವ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿದರೆ ಆ ಯೋಚನೆ ತಲೆಗೆ ಹೊಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಕೇಳಿದರೆ ಎಷ್ಟೋ ಜನಕ್ಕೆ ಹಗುರಾಗುತ್ತದೆ. ತೊಗರಿಗೆ ಹೊಡೆಯುವ ಔಷಧಿಯ ಡಬ್ಬಿ ಮನೆಯಲ್ಲಿದ್ದರೆ ಮೊದಲು ಅದನ್ನು ಬೇರೆಡೆ ಸಾಗಿಸಿ.

ಚಿಕಿತ್ಸೆ ದೊಡ್ಡ ಊರುಗಳಿಗಷ್ಟೇ ಮೀಸಲು ಎಂದುಕೊಳ್ಳಬೇಕಿಲ್ಲ. ಹಳ್ಳಿಗಳ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೆ ಅಲ್ಲೇ ಔಷಧಿ ಕೊಡಿಸುವ ಪ್ರಯೋಗವನ್ನು ನಿಮ್ಹಾನ್ಸ್ 1985ರಲ್ಲಿ ಶುರುಮಾಡಿದ್ದು ನಮ್ಮದೇ ಭಾಗದ ಬಳ್ಳಾರಿ ಜಿಲ್ಲೆಯಲ್ಲಿ. ದೇಶ 1996ರಲ್ಲಿ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಇಪ್ಪತ್ತರಲ್ಲಿ ಒಬ್ಬರು ಜೀವನದಲ್ಲಿ ಒಮ್ಮೆಯಾದರೂ ಖಿನ್ನತೆ ಅನುಭವಿಸಿದ್ದರು, ಅದಿದ್ದವರಲ್ಲಿ ಶೇ 85ರಷ್ಟು ಜನಕ್ಕೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ.

ಗುಳಿಗೆಗಳು ಕೆಲಸ ಶುರುಮಾಡಲು ಎರಡರಿಂದ ನಾಲ್ಕು ವಾರ ಬೇಕು. ನಾಲ್ಕು ದಿನ ನುಂಗಿ ಬಿಟ್ಟವರು ಔಷಧಿಯನ್ನು ದೂರುವುದು ಇದೇ ಕಾರಣಕ್ಕೆ. ಗುಳಿಗೆಯಿಲ್ಲದ ದಾರಿಯೂ ಇದೆ. ಪಕ್ಕದ ಗೋವಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮನೋವೈದ್ಯರಲ್ಲದ ಸಾಮಾನ್ಯ ಜನಕ್ಕೆ ತರಬೇತಿ ಕೊಟ್ಟು ತೀವ್ರ ಖಿನ್ನತೆಯ ರೋಗಿಗಳ ಜೊತೆ ಆರರಿಂದ ಎಂಟು ಸಲ ಕೂರಿಸಿದರು. ಮನಸ್ಸು ಸರಿಯಾಗಲಿ ಎಂದು ಕಾಯದೆ, ಬಿಟ್ಟುಹೋದ ಚಿಕ್ಕ ಚಿಕ್ಕ ಕೆಲಸಗಳನ್ನು ಒಂದೊಂದಾಗಿ ಮತ್ತೆ ಮಾಡಿಸುವುದೇ ಅಲ್ಲಿಯ ತಿರುಳು. ಮೂರು ತಿಂಗಳಲ್ಲಿ ಶೇ 64ರಷ್ಟು ಜನ ಗುಣಮುಖರಾದರು. ಈ ನೆರವು ಸಿಗದೆ ಮಾಮೂಲಿ ಚಿಕಿತ್ಸೆಯಲ್ಲಿದ್ದವರಲ್ಲಿ ಶೇ 39. ಖಣಿಗೆ ತಕ್ಷಣ ಮರಳು ಎಂದು ಒತ್ತಾಯಿಸುವ ಬದಲು, ಸಂಜೆ ಹೋಟೆಲಿನವರೆಗೆ ನಡೆದು ಗೆಳೆಯನೊಬ್ಬನ ಜೊತೆ ಚಹಾ ಕುಡಿದು ಬರುವುದರಿಂದ ಶುರುಮಾಡಬಹುದು.

ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ವ್ಯವಸ್ಥೆ 2014ರಿಂದ ಇದೆ. ಚಿಂಚೋಳಿಯ ತಾಂಡಾದಿಂದ ಕಲಬುರಗಿಗೆ ಹೋಗಿಬರುವುದೆಂದರೆ ಒಂದು ದಿನದ ಕೂಲಿ ಹೋಯಿತು ಎಂದೇ ಲೆಕ್ಕ, ಹಾಗಾಗಿ ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಆಶಾ ಕಾರ್ಯಕರ್ತೆಯ ಬಳಿ ವಿಚಾರಿಸಿಕೊಳ್ಳುವುದು ಲೇಸು. 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಾತು ಬಿಟ್ಟವನು ತಾನೇ ಕರೆ ಮಾಡುವುದು ಕಷ್ಟ. ಅವನ ಹೆಂಡತಿ, ಅಣ್ಣ, ಖಣಿಯ ಜೊತೆಗಾರ ಯಾರಾದರೂ ಮಾಡಿ ಏನು ಮಾಡಬೇಕೆಂದು ಕೇಳಬಹುದು.