ಬಹುಮಾನ ಉಚಿತ, ಅಂಚೆ ವೆಚ್ಚ ಮಾತ್ರ ನಿಮ್ಮದು

ಒಂಬತ್ತು ಮನೆಗಳ ಒಂದು ಚೌಕ. ನಡುವಿನ ಮನೆಯಲ್ಲಿ 5 ಎಂಬ ಅಂಕಿ. ಉಳಿದ ಮನೆಗಳಿಗೆ 1ರಿಂದ 9ರವರೆಗಿನ ಮಿಕ್ಕ ಅಂಕಿಗಳನ್ನು ತುಂಬಬೇಕು. ಅಡ್ಡಕ್ಕೆ, ಉದ್ದಕ್ಕೆ, ಮೂಲೆಯಿಂದ ಮೂಲೆಗೆ ಹೇಗೆ ಕೂಡಿದರೂ 15 ಬರಬೇಕು. ಸರಿಯುತ್ತರ ಕಳಿಸಿದವರಿಗೆ ಟ್ರಾನ್ಸಿಸ್ಟರ್ ರೇಡಿಯೊ, ಕೈಗಡಿಯಾರ ಅಥವಾ ಕ್ಯಾಮೆರಾ ಬಹುಮಾನ. 1980-90ರ ದಶಕಗಳಲ್ಲಿ ವಾರಪತ್ರಿಕೆ ಓದುತ್ತಿದ್ದವರಿಗೆ ಈ ಜಾಹೀರಾತು ನೆನಪಿರಬೇಕು. ಪುಟದ ಮೂಲೆಯಲ್ಲಿ ಅಂಗೈಯಗಲದ ಜಾಗ, ಮಸುಕಾದ ಒಂದು ಚಿತ್ರ, ಕೆಳಗೆ ಉತ್ತರ ಭಾರತದ ಯಾವುದೋ ಊರಿನ ವಿಳಾಸ.

ಈ ಒಗಟಿನಲ್ಲಿ ಒಂದು ಗುಟ್ಟಿದೆ. ತಿರುಗಿಸಿಯೂ ಮಗುಚಿಯೂ ಬರೆದರೆ ಎಂಟು ರೂಪಗಳು ಸಿಗುತ್ತವೆಯಾದರೂ ಮೂಲದಲ್ಲಿ ಉತ್ತರ ಒಂದೇ. ಮೊದಲ ಸಾಲು 2, 7, 6. ಎರಡನೆಯದು 9, 5, 1. ಮೂರನೆಯದು 4, 3, 8. ನಡುವಿನ 5 ಮೊದಲೇ ಕೊಟ್ಟ ಮೇಲೆ ಲೆಕ್ಕ ಬಲ್ಲ ಶಾಲೆಯ ಹುಡುಗ ಅರ್ಧ ಗಂಟೆಯಲ್ಲಿ ಬಿಡಿಸುತ್ತಾನೆ. ಅಂದರೆ ಬರೆದವರೆಲ್ಲ ಗೆಲ್ಲಲೆಂದೇ ಇಟ್ಟ ಸ್ಪರ್ಧೆ ಅದು. ಕೆಲವು ವಾರಗಳಲ್ಲಿ ಅಭಿನಂದನೆಯ ಅಚ್ಚಿನ ಪತ್ರ ಬರುತ್ತಿತ್ತು: ನಿಮ್ಮ ಉತ್ತರ ಸರಿ, ಬಹುಮಾನ ಸಂಪೂರ್ಣ ಉಚಿತ, ಪ್ಯಾಕಿಂಗ್ ಮತ್ತು ಅಂಚೆ ವೆಚ್ಚವನ್ನಷ್ಟೇ ತೆತ್ತು ವಿ.ಪಿ. ಬಿಡಿಸಿಕೊಳ್ಳಿ. ಮನೆಯವರಿಂದ ಕಾಡಿ ಬೇಡಿ ಹಣ ಪಡೆದು ಬಿಡಿಸಿಕೊಂಡರೆ ಒಳಗೆ ಕಾಣುತ್ತಿದ್ದುದು ಬಹುಮಟ್ಟಿಗೆ ಆಟಿಕೆಯಂಥ ಒಂದು ಪ್ಲಾಸ್ಟಿಕ್ ಡಬ್ಬಿ. ಅಂಚೆ ವೆಚ್ಚವೆಂದು ಕೊಟ್ಟದ್ದರಲ್ಲಿ ಆ ಡಬ್ಬಿಯ ಬೆಲೆಯೂ ಕಳಿಸಿದವನ ಲಾಭವೂ ಸೇರಿರುತ್ತಿದ್ದವು.

ವಸ್ತುವಿನ ಬೆಲೆಯನ್ನು ಕಳಿಸುವ ಖರ್ಚಿನೊಳಗೆ ಬಚ್ಚಿಡುವ ಈ ವಿದ್ಯೆ ಹಳೆಯದು. ಇಂದು ಮೊಬೈಲ್ ಪರದೆಯಲ್ಲಿ 'ಹ್ಯಾಂಡ್ಲಿಂಗ್ ಫೀ' ಎಂದು ಕಾಣುವ ಸಾಲಿನ ಪೂರ್ವಜ ಅದೇ. ಗಿರಾಕಿ ಅಷ್ಟು ಸುಲಭವಾಗಿ ನಂಬಲು ಏನು ಕಾರಣ ಎಂಬುದನ್ನು ತಿಳಿಯಬೇಕಾದರೆ ಮೊದಲು ವಿ.ಪಿ.ಪಿ.ಯ ಏರ್ಪಾಡನ್ನು ನೋಡಬೇಕು.

ವ್ಯಾಲ್ಯೂ ಪೇಯಬಲ್ ಪೋಸ್ಟ್ ಭಾರತದಲ್ಲಿ ಶುರುವಾದದ್ದು 1877ರಲ್ಲಿ. ಅಂಚೆ ಇಲಾಖೆ ಮನಿಯಾರ್ಡರ್ ಕೆಲಸವನ್ನು ವಹಿಸಿಕೊಂಡದ್ದು 1880ರಲ್ಲಿ ಎಂದರೆ ಇದರ ಹಿರಿತನ ಗೊತ್ತಾಗುತ್ತದೆ. ವ್ಯಾಪಾರಿ ಪಾರ್ಸೆಲಿನ ಮೇಲೆ ತನಗೆ ಸಲ್ಲಬೇಕಾದ ಮೊತ್ತ ಬರೆದು ಅಂಚೆಗೆ ಕೊಡುತ್ತಾನೆ. ಅತ್ತ ಗಿರಾಕಿಯ ಊರಿನಲ್ಲಿ ಅಂಚೆಯವನು ಹಣ ಎಣಿಸಿಕೊಂಡು ಪಾರ್ಸೆಲ್ ಕೊಡುತ್ತಾನೆ. ಹಣ ಮನಿಯಾರ್ಡರ್ ರೂಪದಲ್ಲಿ ವ್ಯಾಪಾರಿಗೆ ಹಿಂದಿರುಗುತ್ತದೆ. ಗುರುತು ಪರಿಚಯವಿಲ್ಲದ ಇಬ್ಬರ ನಡುವೆ ನಂಬಿಕೆಯ ದಳ್ಳಾಳಿಯಾಗಿ ಸರ್ಕಾರವೇ ನಿಂತಂತೆ. ದೂರದ ಊರುಗಳ ಗಡಿಯಾರ, ಔಷಧಿ, ಬಿತ್ತನೆ ಬೀಜ, ಪುಸ್ತಕಗಳು ಹಳ್ಳಿಗಳನ್ನು ತಲುಪಿದ್ದು ಈ ದಾರಿಯಲ್ಲಿ.

ಆದರೆ ಒಂದು ತೊಡಕಿತ್ತು. ಮೊದಲು ಹಣ, ಆಮೇಲೆ ಪಾರ್ಸೆಲ್. ಬಿಚ್ಚಿ ನೋಡಿ ಕೊಡುತ್ತೇನೆ ಎನ್ನುವಂತಿರಲಿಲ್ಲ. ಅಂಚೆಯವನಿಗೂ ಒಳಗಿರುವುದು ಏನೆಂದು ತಿಳಿಯದು. ಹಾಗಿದ್ದೂ ಹಣ ಕೇಳುತ್ತಿದ್ದವನು ಊರಿಗೆಲ್ಲ ಬೇಕಾದ, ಮನಿಯಾರ್ಡರ್ ತಂದುಕೊಡುವ, ಓದು ಬಾರದವರಿಗೆ ಕಾಗದ ಓದಿ ಹೇಳುವ ಮನುಷ್ಯ. 'ಅಂಚೆ ವೆಚ್ಚ' ಎಂಬ ಮಾತು ಅವನ ಬಾಯಿಂದ ಬಂದರೆ ಅದು ಸರ್ಕಾರಿ ದರವೆಂದೇ ಜನ ತಿಳಿದರು. ನಿಜವಾದ ಸರ್ಕಾರಿ ದರ ತೀರ ಸಣ್ಣದಿತ್ತು. ಮನಿಯಾರ್ಡರ್ ಕಮಿಷನ್ ಬಹುಕಾಲ ಪ್ರತಿ 20 ರೂಪಾಯಿಗೆ 1 ರೂಪಾಯಿ, ಅಂದರೆ ನೂರಕ್ಕೆ ಐದು. ಅದರ ಮೇಲೆ ತೂಕಕ್ಕೆ ತಕ್ಕ ಪಾರ್ಸೆಲ್ ದರ. ಉಳಿದದ್ದೆಲ್ಲ ವ್ಯಾಪಾರಿ ತಾನೇ ಬರೆದುಕೊಂಡ ಅಂಕಿ.

ಮೋಸದ ಸಾಧ್ಯತೆಯನ್ನು ಬ್ರಿಟಿಷ್ ಸರ್ಕಾರ ಆಗಲೇ ಕಂಡಿತ್ತು. 1898ರ ಭಾರತೀಯ ಅಂಚೆ ಕಚೇರಿ ಕಾಯ್ದೆಯ 35ನೇ ಕಲಂನಲ್ಲಿ ಇದಕ್ಕೆಂದೇ ಮಾತುಗಳಿದ್ದವು. ನಿಜವಾಗಿ ಆರ್ಡರ್ ಬಂದದ್ದಕ್ಕೇ ವಿ.ಪಿ. ಕಳಿಸುತ್ತಿದ್ದೇನೆ ಎಂದು ಕಳಿಸುವವನಿಂದ ಘೋಷಣೆ ಪಡೆಯಬಹುದು. ವಂಚನೆ ಕಂಡರೆ ವಸೂಲಾದ ಹಣವನ್ನು ತಡೆಹಿಡಿದು ಗಿರಾಕಿಗೆ ಹಿಂದಿರುಗಿಸಲು ನಿಯಮ ಮಾಡಬಹುದು. ಕೇಳದವರ ಮನೆಗೂ ವಿ.ಪಿ. ಕಳಿಸಿ, ಮನೆಯ ಯಜಮಾನ ತರಿಸಿರಬೇಕೆಂದು ಉಳಿದವರು ಹಣ ಕೊಟ್ಟುಬಿಡುವಂತೆ ಮಾಡುವ ಚಾಳಿಗೆ ಹಾಕಿದ ಮೂಗುದಾರ ಅದು. ಆದರೆ ಕೇಳಿಯೇ ತರಿಸಿಕೊಂಡ 'ಬಹುಮಾನ'ಕ್ಕೆ ಈ ಮೂಗುದಾರ ಎಟುಕಲಿಲ್ಲ. ಪೋಸ್ಟ್ ಕಾರ್ಡಿನಲ್ಲಿ ಉತ್ತರ ಬರೆದವನು ತಾನೇ ಆರ್ಡರ್ ಕೊಟ್ಟಂತಾಗುತ್ತಿತ್ತಲ್ಲ. ಒಂದೆರಡು ನೋಟುಗಳಿಗಾಗಿ ಕಚೇರಿ ಅಲೆಯುವವರು ಯಾರು? ಈ ವ್ಯಾಪಾರ ನಿಂತಿದ್ದುದೇ ಆ ಸಣ್ಣ ಮೊತ್ತದ ಮೇಲೆ.

ಎಲ್ಲರೂ ಹೀಗೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಕನ್ನಡದ ಪ್ರಕಾಶಕರು ಪುಸ್ತಕದ ಬೆಲೆ ಅಚ್ಚು ಹಾಕಿ ಪಕ್ಕದಲ್ಲಿ 'ಅಂಚೆ ವೆಚ್ಚ ಪ್ರತ್ಯೇಕ' ಎಂದು ಬರೆಯುತ್ತಿದ್ದರು, ಅನೇಕರು ಈಗಲೂ ಬರೆಯುತ್ತಾರೆ. ಲಕೋಟೆಯ ಮೇಲಿನ ಅಂಚೆ ಚೀಟಿಗಳನ್ನು ಕೂಡಿದರೆ ಆ ವೆಚ್ಚ ಎಷ್ಟೆಂದು ಓದುಗನೇ ತಾಳೆ ನೋಡಬಹುದಿತ್ತು. 1933ರಲ್ಲಿ ಧಾರವಾಡದಲ್ಲಿ ಆರಂಭವಾದ ಮನೋಹರ ಗ್ರಂಥಮಾಲೆ ಚಂದಾದಾರರನ್ನೇ ನಂಬಿ ಬೆಳೆಯಿತು. ಪುಸ್ತಕಗಳಿಗೆ ಅಂಚೆ ಇಲಾಖೆ ನೀಡುತ್ತಿದ್ದ ಅಗ್ಗದ ದರ ಇಂಥವರಿಗೆ ದೊಡ್ಡ ಆಸರೆ. ಆ ಪೈಕಿ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆ 2024ರ ಡಿಸೆಂಬರ್‌ನಲ್ಲಿ ನಿಂತಿತು. ಹೀಗಾಗಿ ಪ್ರಾಮಾಣಿಕ ಪ್ರಕಾಶಕನ ಅಂಚೆ ವೆಚ್ಚವೂ ಈಗ ಹೆಚ್ಚಾಗಿ ಕಾಣುತ್ತದೆ. ದುಬಾರಿ ಸಾಗಣೆಯೆಲ್ಲ ಮೋಸವಲ್ಲ. ನಿಜವಾದ ಖರ್ಚು ಎಲ್ಲಿ ಮುಗಿಯಿತು, ಬಚ್ಚಿಟ್ಟ ಬೆಲೆ ಎಲ್ಲಿಂದ ಶುರುವಾಯಿತು ಎಂದು ಗುರುತಿಸುವುದೇ ಕಷ್ಟ.

ಈ ಗೊಂದಲದಿಂದ ಲಾಭ ಉಂಟು ಎಂಬುದಕ್ಕೆ ಹೊರದೇಶಗಳಲ್ಲೂ ಸಾಕ್ಷ್ಯವಿದೆ. ಅಮೆರಿಕದ ರೆಕಾರ್ಡ್ ಕ್ಲಬ್ಬುಗಳು ಒಂದು ಸೆಂಟಿಗೆ ಹನ್ನೆರಡು ಆಲ್ಬಂ ಎಂದು ಜಾಹೀರಾತು ಕೊಟ್ಟು 'ಶಿಪ್ಪಿಂಗ್ ಅಂಡ್ ಹ್ಯಾಂಡ್ಲಿಂಗ್' ಹಣವನ್ನು ಬೇರೆ ಕೇಳುತ್ತಿದ್ದವು. ತನ್ವೀಮ್ ಅಲ್ಲ, ತಂಜಿಮ್ ಹೊಸೇನ್ ಮತ್ತು ಜಾನ್ ಮಾರ್ಗನ್ ಎಂಬ ಅರ್ಥಶಾಸ್ತ್ರಜ್ಞರು ಇಬೇ ಹರಾಜಿನಲ್ಲಿ ಇದನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಒಂದೇ ಸಿ.ಡಿ.ಯನ್ನು ಒಮ್ಮೆ 4 ಡಾಲರ್ ಆರಂಭದ ಬೆಲೆಗೆ, ಸಾಗಣೆ ಉಚಿತವೆಂದು ಇಟ್ಟರು. ಇನ್ನೊಮ್ಮೆ 1 ಸೆಂಟ್ ಬೆಲೆಗೆ, ಸಾಗಣೆ 3.99 ಡಾಲರ್ ಎಂದು ಇಟ್ಟರು. ಕೂಡಿದರೆ ಎರಡೂ ಒಂದೇ. ಆದರೆ ಎರಡನೆಯದಕ್ಕೆ ಹೆಚ್ಚು ಜನ ಕೂಗಿದರು, ಮಾರಿದವರ ಕೈಗೆ ಬಂದ ಒಟ್ಟು ಹಣವೂ ಸಾಮಾನ್ಯವಾಗಿ ಹೆಚ್ಚಿತ್ತು. ಸಿ.ಡಿ.ಗಳ ಆರಂಭದ ಮೊತ್ತವನ್ನು 8 ಡಾಲರಿಗೆ ಏರಿಸಿದಾಗ ಈ ಲಾಭ ಕಾಣಲಿಲ್ಲ. ಜನರ ಕಣ್ಣು ಮೊದಲು ಬೆಲೆಯ ಮೇಲೆ ಬೀಳುತ್ತದೆ, ಸಾಗಣೆ ವಿಪರೀತವೆನಿಸುವವರೆಗೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಕಡಿಮೆ. ಮಾರಾಟದ ಬೆಲೆಯ ಮೇಲಷ್ಟೇ ಇದ್ದ ಕಮಿಷನ್ ತಪ್ಪಿಸಲು ಕೂಡ ಕೆಲವರು ಈ ದಾರಿ ಹಿಡಿದಿದ್ದರಿಂದ 2011ರಲ್ಲಿ ಇಬೇ ಸಾಗಣೆಯ ಹಣದ ಮೇಲೂ ಕಮಿಷನ್ ಹಾಕತೊಡಗಿತು.

ಈಗ ಸಂಡೂರು ತಾಲ್ಲೂಕಿನ ಕುರೆಕುಪ್ಪಕ್ಕೆ ಬರೋಣ. ತೋರಣಗಲ್ಲಿಗೆ ಹೊಂದಿಕೊಂಡ ಈ ಊರಿಗೆ ಬಳ್ಳಾರಿಯೂ ಹೊಸಪೇಟೆಯೂ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ಪಕ್ಕದ ಉಕ್ಕಿನ ಕಾರ್ಖಾನೆಗೆ 1971ರಲ್ಲಿ ಇಂದಿರಾ ಗಾಂಧಿ ಅಡಿಗಲ್ಲು ಹಾಕಿದರೂ ಕೆಲಸಕ್ಕೆ ಚಾಲನೆ ಸಿಕ್ಕದ್ದು 1994ರಲ್ಲಿ ಜಿಂದಾಲ್ ಸಂಸ್ಥೆ ಬಂದ ಮೇಲೆ. ಹಳ್ಳಿಯಾಗಿದ್ದ ಕುರೆಕುಪ್ಪ ಈಗ ಪುರಸಭೆ. ಹೊರ ಜಿಲ್ಲೆ, ಹೊರ ರಾಜ್ಯಗಳಿಂದ ದುಡಿಯಲು ಬಂದವರು ಈ ಭಾಗದಲ್ಲಿ ಬಹಳ. ಪಾಳಿ ಮುಗಿಸಿ ಬಂದವನಿಗೆ ಬಸ್ಸು ಹತ್ತಿ ಬಳ್ಳಾರಿಯ ಅಂಗಡಿ ಬೀದಿಗೆ ಹೋಗುವುದಕ್ಕಿಂತ ಮೊಬೈಲಿನಲ್ಲಿ 583ರಿಂದ ಶುರುವಾಗುವ ಪಿನ್ ಕೋಡ್ ಒತ್ತುವುದು ಸುಲಭ. ಅಂಗಡಿಗೆ ಹೋಗಿ ಬರುವ ಬಸ್ ಚಾರ್ಜು ಮತ್ತು ಒಂದು ದಿನದ ರಜೆಯೊಡನೆ ಹೋಲಿಸಿದರೆ ಸಾಗಣೆಯ ಹಣ ಭಾರವೆನಿಸುವುದಿಲ್ಲ. ಮಾರುವವನ ಅಳತೆಗೋಲೂ ಅದೇ: ಗಿರಾಕಿ ಎಷ್ಟು ದೂರದವನೋ ಅಷ್ಟು ಕೊಡಲು ಸಿದ್ಧ.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರುವ ಮೂಲಕ ಆರಂಭವಾದ ಫ್ಲಿಪ್‌ಕಾರ್ಟ್ 2010ರಲ್ಲಿ 'ಕ್ಯಾಶ್ ಆನ್ ಡೆಲಿವರಿ' ತಂದಾಗ ಅದನ್ನು ಹೊಸ ಕ್ರಾಂತಿ ಎಂದರು. ಹಳಬರಿಗೆ ಅದು ವಿ.ಪಿ.ಪಿ.ಯ ಮೊಮ್ಮಗುವಾಗಿಯೇ ಕಂಡೀತು. ಈ ಏರ್ಪಾಡಿನಲ್ಲಿ ನಿಜವಾದ ಖರ್ಚುಗಳೂ ಇವೆ. ಹಣ ಎಣಿಸಿ ತಂದು ಕಟ್ಟಲು ಆಳು ಬೇಕು; ಬೇಡವೆಂದು ಹಿಂದಿರುಗಿಸಿದ ಪಾರ್ಸೆಲಿಗೆ ಎರಡೂ ಕಡೆಯ ಸಾಗಣೆ ದಂಡ. ಕೊರಿಯರಿನವರು ತೂಕವನ್ನಷ್ಟೇ ಅಲ್ಲ, ಪೆಟ್ಟಿಗೆಯ ಗಾತ್ರವನ್ನೂ ನೋಡುತ್ತಾರೆ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. 40, 30, 30 ಸೆಂ.ಮೀ. ಪೆಟ್ಟಿಗೆಯಲ್ಲಿ ಒಂದು ಕಿಲೋದ ಪ್ಲಾಸ್ಟಿಕ್ ಬುಟ್ಟಿ ಇದ್ದರೂ ಅದು 7.2 ಕಿಲೋ ಎಂದೇ ಗಣನೆ. ಆದ್ದರಿಂದ ಬುಟ್ಟಿಗೆ ಸಾಗಣೆ ಹೆಚ್ಚಾದರೆ ಸಿಟ್ಟಾಗಬೇಕಿಲ್ಲ. ಬೆರಳುದ್ದದ ಚಾರ್ಜರಿಗೆ ಅಷ್ಟೇ ಸಾಗಣೆ ಹಾಕಿದರೆ ಮಾತ್ರ ಕೇಳಬೇಕಾದ ಪ್ರಶ್ನೆ ಹುಟ್ಟುತ್ತದೆ.

ಕೂಡಿದ ಮೊತ್ತ ಒಂದೇ ಆದರೆ ಯಾವ ಹೆಸರಿನಲ್ಲಿ ಕೊಟ್ಟರೇನು ಎನ್ನುವವರುಂಟು. ಹಿಂದಿರುಗಿಸುವ ದಿನ ವ್ಯತ್ಯಾಸ ಗೊತ್ತಾಗುತ್ತದೆ. ಲೆಕ್ಕಕ್ಕೆಂದು ಎರಡು ಬಿಲ್ ಇಟ್ಟುಕೊಳ್ಳಿ: ಒಂದರಲ್ಲಿ ದೀಪಕ್ಕೆ 249 ರೂಪಾಯಿ, ಸಾಗಣೆಗೆ 50, ಇನ್ನೊಂದರಲ್ಲಿ ಅದೇ ದೀಪಕ್ಕೆ 49, ಸಾಗಣೆ ಮತ್ತು ನಿರ್ವಹಣೆಗೆ 250. ಎರಡೂ 299. ದೀಪ ಕೆಟ್ಟಿತ್ತು, ವಾಪಸು ಕಳಿಸಿದಿರಿ. 'ಸಾಗಣೆ ವೆಚ್ಚ ಹಿಂದಿರುಗಿಸುವುದಿಲ್ಲ' ಎಂಬ ಷರತ್ತಿದ್ದರೆ ಮೊದಲನೆಯವನು 249 ಕೊಡಬೇಕು, ಎರಡನೆಯವನು 49 ಕೊಟ್ಟು ಕೈತೊಳೆದುಕೊಳ್ಳುತ್ತಾನೆ. ಬೆಲೆಯನ್ನು ಸಾಗಣೆಯ ಖಾನೆಗೆ ದಾಟಿಸಿದವನು ಕೆಟ್ಟ ಮಾಲಿನ ಜವಾಬ್ದಾರಿಯಿಂದಲೂ ದಾಟಿಕೊಂಡ.

ಕಾನೂನು ಇದನ್ನು ತಡವಾಗಿಯಾದರೂ ಗಮನಿಸಿದೆ. 2020ರ ಜುಲೈಯಲ್ಲಿ ಬಂದ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಒಟ್ಟು ಬೆಲೆಯನ್ನು ಒಂದೇ ಅಂಕಿಯಲ್ಲಿ ತೋರಿಸಬೇಕು. ಜೊತೆಗೆ ತಲುಪಿಸುವ ಶುಲ್ಕ, ಅಂಚೆ ಮತ್ತು ನಿರ್ವಹಣೆಯ ಶುಲ್ಕ, ತೆರಿಗೆಗಳನ್ನು ಬಿಡಿಬಿಡಿಯಾಗಿ ಹೇಳಬೇಕು. ವಾಪಸು ಕಳಿಸುವ ಖರ್ಚಿನ ವಿವರವನ್ನೂ ಕೊಡಬೇಕು. ಅನ್ಯಾಯದ ಲಾಭಕ್ಕಾಗಿ ಬೆಲೆ ತಿರುಚಬಾರದೆಂಬ ಮಾತೂ ಅಲ್ಲಿದೆ. ಆದರೆ ಸಾಗಣೆಗೆ ಇಂತಿಷ್ಟೇ ರೂಪಾಯಿ ಎಂಬ ಮಿತಿ ಇಲ್ಲ. 2023ರ ನವೆಂಬರ್ 30ರಂದು ಪ್ರಕಟವಾದ ಮಾರ್ಗಸೂಚಿ ಗಿರಾಕಿಯನ್ನು ದಾರಿ ತಪ್ಪಿಸುವ 13 ಬಗೆಯ ತಂತ್ರಗಳನ್ನು ಪಟ್ಟಿ ಮಾಡಿತು. ಅದರಲ್ಲಿ 'ಡ್ರಿಪ್ ಪ್ರೈಸಿಂಗ್' ಒಂದು: ಮೊದಲು ಕಡಿಮೆ ಬೆಲೆ ತೋರಿಸಿ, ಹಣ ಕಟ್ಟುವ ಹೊತ್ತಿಗೆ ಹನಿ ಹನಿಯಾಗಿ ಶುಲ್ಕ ಇಳಿಸುವುದು. 2025ರ ಅಕ್ಟೋಬರ್‌ನಲ್ಲಿ ನಗದು ಪಾವತಿಗೆ ಹೆಚ್ಚುವರಿ ಹಣ ಕೇಳುತ್ತಾರೆಂಬ ದೂರುಗಳ ಮೇಲೆ ವಿವರವಾದ ತನಿಖೆ ಆರಂಭವಾಗಿದೆ ಎಂದು ಕೇಂದ್ರ ಗ್ರಾಹಕ ವ್ಯವಹಾರ ಸಚಿವ, ಧಾರವಾಡದ ಸಂಸದ ಪ್ರಲ್ಹಾದ ಜೋಶಿ ತಿಳಿಸಿದರು. ಆಗ ಚರ್ಚೆಗೆ ಬಂದ ಬಿಲ್ಲೊಂದರಲ್ಲಿ 'ಆಫರ್ ಹ್ಯಾಂಡ್ಲಿಂಗ್ ಫೀ' ಎಂಬ ಸಾಲೂ ಇತ್ತು. ರಿಯಾಯಿತಿ ಕೊಟ್ಟದ್ದಕ್ಕೇ ಕೂಲಿ!

ದೂರು ಕೊಡುವ ದಾರಿಯೂ ಬದಲಾಗಿದೆ. 1986ರ ಗ್ರಾಹಕ ರಕ್ಷಣೆ ಕಾಯ್ದೆಯಲ್ಲಿ ದೂರುದಾರ ತಾನಿರುವ ಊರಿನವನೆಂಬ ಒಂದೇ ಕಾರಣಕ್ಕೆ ಅಲ್ಲಿನ ವೇದಿಕೆಗೆ ಹೋಗುವಂತಿರಲಿಲ್ಲ. ಎದುರಾಳಿಯ ಊರು, ಶಾಖೆ ಅಥವಾ ವ್ಯವಹಾರ ನಡೆದ ಜಾಗ ಮುಖ್ಯವಾಗಿತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಕಾಯ್ದೆ, ದೂರುದಾರ ವಾಸಿಸುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಲು ಅವಕಾಶ ಕೊಟ್ಟಿದೆ. ಮಾರಿದವನು ದೆಹಲಿಯಲ್ಲಿದ್ದರೂ ಕುರೆಕುಪ್ಪದವರು ಬಳ್ಳಾರಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು. ಕೊಂಡದ್ದರ ಮೌಲ್ಯ 5 ಲಕ್ಷ ರೂಪಾಯಿವರೆಗೆ ಇದ್ದರೆ ಶುಲ್ಕವಿಲ್ಲ. ಅದಕ್ಕೂ ಮೊದಲು 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ದೂರು ಬರೆದುಕೊಳ್ಳುತ್ತದೆ. ಕೈಯಲ್ಲಿ ಇರಬೇಕಾದ್ದು ಮೂರು: ಮೊದಲು ತೋರಿಸಿದ ಬೆಲೆಯ ಚಿತ್ರ, ಕೊನೆಗೆ ಕಟ್ಟಿದ ಬಿಲ್, ಪಾರ್ಸೆಲಿನ ಮೇಲೆ ಅಂಟಿಸಿದ ಚೀಟಿ. ಅನೇಕ ಚೀಟಿಗಳಲ್ಲಿ ತೂಕ ಅಚ್ಚಾಗಿರುತ್ತದೆ. ಸಾಮಾನ್ಯವಾಗಿ ಪಾರ್ಸೆಲ್ ಬಿಚ್ಚುವ ಆತುರದಲ್ಲಿ ಮೊದಲು ಹರಿದುಹೋಗುವುದು ಅದೇ.