ದೂರದ ಬೆಟ್ಟ, ಹಳೆಯ ಮಸೂರ

ಕೋಲಾರದಿಂದ ಮುಳಬಾಗಿಲಿಗೆ ಸಾಗುವ ಹೆದ್ದಾರಿಯಲ್ಲಿ, ದೇವರಾಯಸಮುದ್ರದ ಸಮೀಪ, ಬಂಡೆಯ ಮೇಲೆ ಬಂಡೆಯನ್ನು ಹೊತ್ತು ನಿಂತಿರುವ ಬೆಟ್ಟಗಳು ಛಾಯಾಗ್ರಹಣದಲ್ಲಿ ಅಭಿರುಚಿಯುಳ್ಳ ಯಾರನ್ನಾದರೂ ಅರೆಗಳಿಗೆ ತಡೆದು ನಿಲ್ಲಿಸತಕ್ಕಂಥವು. ಅಂತಹ ಎಡೆಯಲ್ಲಿ, ಅರ್ಧ ಶತಮಾನಕ್ಕೂ ಹಿಂದಿನ 135 ಮಿ.ಮೀ. ಟೆಲಿ ಲೆನ್ಸೊಂದನ್ನು ಇಂದಿನ ಡಿಜಿಟಲ್ ರೇಂಜ್‌ಫೈಂಡರ್ ಕ್ಯಾಮೆರಾಕ್ಕೆ ತೊಡಿಸಿ ಚಿತ್ರ ತೆಗೆಯಹೊರಟವರು ಮಂಕಾದ ಒಂದೆರಡು ಚಿತ್ರಗಳನ್ನು ಕಂಡೊಡನೆ, ಹಳೆಯ ಗಾಜು ಹೊಸ ಯಂತ್ರಕ್ಕೆ ಒಗ್ಗದೆಂದು ತೀರ್ಮಾನಿಸಿ ಲೆನ್ಸನ್ನು ಪೆಟ್ಟಿಗೆಗೆ ಸೇರಿಸಿಬಿಡುವುದುಂಟು. ಈ ತೀರ್ಮಾನವು ಬಹುಮಟ್ಟಿಗೆ ಅನ್ಯಾಯವಾದುದೆಂದೂ, ಮಸೂರದ ತಲೆಗೆ ಕಟ್ಟಲಾಗುವ ದೋಷಗಳಲ್ಲಿ ಅನೇಕವು ಫೋಕಸಿನವು, ನಿಂತ ನೆಲದವು, ನಡುವಣ ಗಾಳಿಯವು ಎಂದೂ ನನ್ನ ದೃಢವಾದ ಅಭಿಪ್ರಾಯ.

ಮೊದಲನೆಯ ನಂಬಿಕೆಯು ಜೋಡಣೆಗೆ ಸಂಬಂಧಿಸಿದುದು: ಫಿಲ್ಮ್ ಕಾಲದ ಲೆನ್ಸ್ ಡಿಜಿಟಲ್ ಕ್ಯಾಮೆರಾಕ್ಕೆ ಕೂಡಲಾರದು ಎಂಬುದು. ಲೈಕಾ ಸಂಸ್ಥೆಯು 1954ರಲ್ಲಿ ಎಂ3 ಕ್ಯಾಮೆರಾದೊಡನೆ ತಂದ ಜೋಡಣೆಯೇ 2006ರ ಎಂ8ರಲ್ಲಿಯೂ, 2022ರ ಎಂ11ರಲ್ಲಿಯೂ ಮುಂದುವರಿದಿದೆ. ಅದಕ್ಕೂ ಹಿಂದಿನ, 39 ಮಿ.ಮೀ. ತಿರುಪಿನ ಲೆನ್ಸುಗಳಿಗೆ ಕೇವಲ 1 ಮಿ.ಮೀ. ದಪ್ಪದ ಒಂದು ಬಳೆ ಸಾಕು. 2004ರಲ್ಲಿ ಬಂದ ಎಪ್ಸನ್ ಆರ್-ಡಿ1 ಎಂಬ ಮೊತ್ತಮೊದಲ ಡಿಜಿಟಲ್ ರೇಂಜ್‌ಫೈಂಡರೂ ಇದೇ ಜೋಡಣೆಯನ್ನು ಉಳ್ಳದ್ದಾಗಿತ್ತು.

ಜೋಡಿಸಿಯಾಯಿತು, ಕಣ್ಣಿಟ್ಟು ನೋಡಿದರೆ ಬೆಟ್ಟವು ಒಂದಿಷ್ಟೂ ಹತ್ತಿರಕ್ಕೆ ಬಂದಿಲ್ಲ. ಲೆನ್ಸು ಕೆಟ್ಟಿದೆಯೆಂದು ಹೊಸಬರು ಭಾವಿಸುವುದು ಇಲ್ಲಿಯೇ. ಆದರೆ ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಕಣ್ಣು ಲೆನ್ಸಿನ ಮೂಲಕ ನೋಡುವುದೇ ಇಲ್ಲ. ಪಕ್ಕದ ಬೇರೊಂದು ಕಿಂಡಿಯ ಮೂಲಕ ನೋಡುತ್ತದೆ. ಯಾವ ಲೆನ್ಸನ್ನು ತೊಡಿಸಿದರೂ ಆ ಕಿಂಡಿಯ ದೃಶ್ಯವು ಒಂದೇ ಗಾತ್ರದ್ದು. ಲೈಕಾ ಎಂ9ರಲ್ಲಿ ಬರಿಗಣ್ಣಿನ ನೋಟದ 0.68ರಷ್ಟು. ಲೆನ್ಸಿಗೆ ತಕ್ಕಂತೆ ಬದಲಾಗುವುದು ಅದರೊಳಗಿನ ಬೆಳಕಿನ ಚೌಕಟ್ಟು ಮಾತ್ರ. 135ರ ಚೌಕಟ್ಟು ನಡುವೆ ಒಂದು ಸಣ್ಣ ಆಯತವಾಗಿ ಕಾಣುವುದು ದೋಷವಲ್ಲ, ಯಂತ್ರದ ಸ್ವಭಾವ.

135 ಮಿ.ಮೀ.ಗಿಂತ ಉದ್ದದ ಲೆನ್ಸಿಗೆ ಚೌಕಟ್ಟನ್ನು ಕೊಡದಿರುವುದು ತಯಾರಕರ ಹಟಮಾರಿತನ ಎಂಬ ಮಾತು ಇನ್ನೂ ಹೆಚ್ಚು ವಿಚಾರಕ್ಕೆ ಅರ್ಹವಾದುದು, ಏಕೆಂದರೆ ಇದರ ಹಿಂದೆ ರೇಖಾಗಣಿತವಿದೆ. ಕ್ಯಾಮೆರಾದ ನೆತ್ತಿಯಲ್ಲಿ ಸುಮಾರು 69 ಮಿ.ಮೀ. ಅಂತರದಲ್ಲಿರುವ ಎರಡು ಕಿಂಡಿಗಳು ಒಂದು ತ್ರಿಕೋಣದ ಪಾದವಾಗುತ್ತವೆ; ವಸ್ತುವು ಅದರ ಶಿಖರ; ಎರಡು ಬಿಂಬಗಳು ಒಂದಾದಾಗ ದೂರವು ತಿಳಿಯುತ್ತದೆ. ಎಂ9ರ ಕಿಂಡಿಯು ದೃಶ್ಯವನ್ನು 0.68ಕ್ಕೆ ಕುಗ್ಗಿಸುವುದರಿಂದ ಪರಿಣಾಮದಲ್ಲಿ ಆ ಪಾದವು 47 ಮಿ.ಮೀ.ಯಷ್ಟೇ. ಎಂ3ರ ಕಿಂಡಿಯು 0.91ರದಾದ್ದರಿಂದ ಅಲ್ಲಿ ಅದು 63ರಷ್ಟಿತ್ತು. ಈ ಒಂದು ವಿಷಯದಲ್ಲಿ 1954ರ ಕ್ಯಾಮೆರಾವು ತನ್ನ ಮೊಮ್ಮಕ್ಕಳಿಗಿಂತ ಸಮರ್ಥವಾದುದೆಂದು ಹೇಳಲೇಬೇಕು. ಲೆನ್ಸಿನ ಸಂಗಮದೂರವು ಇಮ್ಮಡಿಯಾದರೆ ಬೇಕಾಗುವ ಪಾದವು ನಾಲ್ಮಡಿಯಾಗುತ್ತದೆ. ಅಪರ್ಚರ್ ಹಿಗ್ಗಿದಷ್ಟೂ ಅದು ಮತ್ತೆ ಬೆಳೆಯುತ್ತದೆ. ಫಿಲ್ಮ್ ಕಾಲದ ವಾಡಿಕೆಯ ಅಳತೆಗಳನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ 135 ಮಿ.ಮೀ., ಎಫ್/4 ಲೆನ್ಸಿಗೆ ಸುಮಾರು 46 ಮಿ.ಮೀ. ಪಾದ ಬೇಕು: ಇರುವುದು ಸರಿಯಾಗಿ ಸಾಲುತ್ತದೆ. ಎಫ್/2.8ಕ್ಕೆ 65 ಬೇಕು: ಸಾಲದು. 1963ರಲ್ಲಿ ಬಂದ 135 ಮಿ.ಮೀ. ಎಲ್ಮಾರಿಟ್ ಎಫ್/2.8 ಲೆನ್ಸಿಗೆ ಕನ್ನಡಕದಂತಹ ಒಂದು ಜೋಡಿಗಾಜನ್ನು ಅಂಟಿಸಿರುವುದರ ಕಾರಣವೂ ಇದೇ. ಅದನ್ನು ಅಲಂಕಾರವೆಂದೋ ಅಡ್ಡಿಯೆಂದೋ ತಿಳಿದು ಬಿಚ್ಚಿಹಾಕಿದವರಿದ್ದಾರೆ; ವಾಸ್ತವವಾಗಿ ಅದು ಕಿಂಡಿಯ ನೋಟವನ್ನು ಒಂದೂವರೆ ಪಟ್ಟು ಹಿಗ್ಗಿಸಿ, 47ನ್ನು 70ಕ್ಕೆ ಏರಿಸಿ, 90ರ ಚೌಕಟ್ಟನ್ನೇ 135ಕ್ಕೆ ಸರಿಹೊಂದಿಸುವ ಅತ್ಯಂತ ಜಾಣ ಉಪಾಯ.

ಹಾಗೆಂದು 135ರ ಆಚೆಗೆ ದಾರಿಯೇ ಇಲ್ಲವೆನ್ನುವುದೂ ಸಲ್ಲದು. 200 ಮಿ.ಮೀ. ಟೆಲಿಟ್ ಲೆನ್ಸಿನೊಡನೆ 1935ರಲ್ಲಿಯೇ, ಲೆನ್ಸಿನ ಮೂಲಕವೇ ನೋಡಗೊಡುವ ಕನ್ನಡಿಪೆಟ್ಟಿಗೆಯೊಂದು ಬಂದಿತು. ಮುಂದೆ ವಿಸೋಫ್ಲೆಕ್ಸ್ ಎಂಬ ಹೆಸರಿನಿಂದ ಅದು ಬೆಳೆಯಿತು. 2012ರಲ್ಲಿ ಪ್ರಕಟವಾದ ಎಂ 240 ಮಾದರಿಯು ಲೆನ್ಸು ಕಂಡದ್ದನ್ನೇ ಹಿಂಬದಿಯ ತೆರೆಯ ಮೇಲೆ ತೋರಿಸತೊಡಗಿದ ಮೇಲೆ ತ್ರಿಕೋಣದ ಕಟ್ಟುಪಾಡೇ ಸಡಿಲವಾಯಿತು.

ಹಳೆಯ ಲೆನ್ಸಿನ ರೇಖೆಗಳು ಡಿಜಿಟಲ್ ಸೆನ್ಸರಿಗೆ ಸಾಲುವಷ್ಟು ಸ್ಫುಟವಲ್ಲ ಎಂಬ ಆರೋಪವನ್ನು ಒರೆಗೆ ಹಚ್ಚಬೇಕಾದುದು ಈ ಹಿನ್ನೆಲೆಯಲ್ಲಿ. ಐದು ಮೀಟರ್ ದೂರದ ವಸ್ತುವಿನ ಮೇಲೆ 135 ಮಿ.ಮೀ. ಲೆನ್ಸನ್ನು ಎಫ್/4ರಲ್ಲಿ ಇಟ್ಟಾಗ ಸ್ಫುಟವಾಗಿ ಕಾಣುವ ಆಳವು ಸುಮಾರು 33 ಸೆಂಟಿಮೀಟರ್. ಒಂದೂವರೆ ಮೀಟರಿಗೆ ಬಂದರೆ ಮೂರು ಸೆಂಟಿಮೀಟರಿಗೂ ಕಡಿಮೆ. ಇದೂ ಸಾಧಾರಣ ಗಾತ್ರದ ಮುದ್ರಿತ ಚಿತ್ರಕ್ಕೆ ಹೇಳಿದ ಮಾತು. ಆರು ಕೋಟಿ ಬಿಂದುಗಳ ಎಂ11ರ ಚಿತ್ರವನ್ನು ತೆರೆಯ ಮೇಲೆ ಪೂರ್ಣವಾಗಿ ಹಿಗ್ಗಿಸಿ ನೋಡುವವನ ಕಣ್ಣಿಗೆ ಆ ಆಳವು ಇನ್ನೂ ತೆಳುವಾಗುತ್ತದೆ. ಆದ್ದರಿಂದ ಲೆನ್ಸನ್ನು ದೂಷಿಸುವ ಮುನ್ನ ಅನಂತದ ಫೋಕಸ್ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಅದಕ್ಕೆ ದೇವರಾಯಸಮುದ್ರದ ಬೆಟ್ಟಗಳಿಗಿಂತ ಒಳ್ಳೆಯ ಗುರಿ ದೊರೆಯಲಾರದು. ಎರಡು ಕಿಲೋಮೀಟರ್ ದೂರದಿಂದ, ಆಕಾಶಕ್ಕೆ ಎದುರಾಗಿ ನಿಂತ ಬಂಡೆಯೊಂದರ ಲಂಬವಾದ ಅಂಚನ್ನು ಆರಿಸಿಕೊಳ್ಳಿ. ಬಿಂಬಗಳು ಅಡ್ಡಲಾಗಿ ಸರಿಯುವುದರಿಂದ ಅಡ್ಡರೇಖೆಯಲ್ಲಿ ತಪ್ಪು ಗೋಚರಿಸದು. ಲೆನ್ಸು ಅನಂತಕ್ಕೆ ತಿರುಗಿ ನಿಂತಾಗಲೂ ಅಂಚು ಎರಡಾಗಿ ಕಂಡರೆ ಅದು ಹೊಂದಾಣಿಕೆಯ ದೋಷವೇ ಹೊರತು ಗಾಜಿನದಲ್ಲ.

ಗಾಜಿಗೆ ತನ್ನದೇ ಆದ ದೌರ್ಬಲ್ಯಗಳಿಲ್ಲವೆಂದಲ್ಲ. 1933ರಲ್ಲಿ ಬಂದ 135 ಮಿ.ಮೀ. ಹೆಕ್ಟರ್ ಲೆನ್ಸಿನಲ್ಲಿ ಗಾಳಿಗೆ ತಾಗುವ ಆರು ಮೈಗಳಿವೆ. ಲೇಪನವಿಲ್ಲದ ಪ್ರತಿಯೊಂದು ಮೈಯೂ ಬೆಳಕಿನ ನೂರಕ್ಕೆ ಸುಮಾರು 4 ಪಾಲನ್ನು ಹಿಂದಕ್ಕೆ ಅಟ್ಟುತ್ತದೆ. ಹೀಗೆ ಅಲೆಯುವ ಬೆಳಕು ಕಪ್ಪನ್ನು ಬೂದಾಗಿಸುತ್ತದೆ. ಒಂದು ಒಳ್ಳೆಯ ಹುಡ್ ಅದನ್ನು ಬಹುಮಟ್ಟಿಗೆ ತಗ್ಗಿಸುತ್ತದೆ. ಇನ್ನು ಅಂಚುಗಳಲ್ಲಿ ಬಣ್ಣ ಕೆಡುವ ದೋಷವು ಅಗಲನೋಟದ ಹಳೆಯ ಲೆನ್ಸುಗಳದು. ಅವುಗಳ ಕಿರಣಗಳು ಸೆನ್ಸರಿನ ಅಂಚಿಗೆ ಓರೆಯಾಗಿ ಬೀಳುತ್ತವೆ. ಟೆಲಿ ಲೆನ್ಸಿನ ಕಿರಣಗಳು ಹೆಚ್ಚುಕಡಮೆ ನೇರವಾಗಿಯೇ ಬೀಳುವುದರಿಂದ, ಡಿಜಿಟಲ್ ಸೆನ್ಸರಿನೊಡನೆ ಸುಲಭವಾಗಿ ಹೊಂದಿಕೊಳ್ಳುವುವು ಇವೇ.

ಎಲ್ಲಕ್ಕಿಂತ ಆಳವಾಗಿ ಬೇರೂರಿರುವ ಭ್ರಮೆಯೆಂದರೆ ಟೆಲಿ ಲೆನ್ಸು ದೂರವನ್ನು ಅದುಮಿ ಚಪ್ಪಟೆಯಾಗಿಸುತ್ತದೆ ಎಂಬುದು. ಕೆರೆಯ ಏರಿಯ ಮೇಲೆ ನಿಂತಿದ್ದೇವೆ. ನೂರು ಮೀಟರ್ ಆಚೆಗೊಂದು ಹುಣಸೆಮರ, ಎರಡು ಕಿಲೋಮೀಟರ್ ಆಚೆಗೆ ಬೆಟ್ಟ ಎಂದಿಟ್ಟುಕೊಳ್ಳೋಣ. ಅಲ್ಲಿಂದಲೇ 35 ಮಿ.ಮೀ. ಲೆನ್ಸಿನಲ್ಲೊಮ್ಮೆ, 135ರಲ್ಲೊಮ್ಮೆ ತೆಗೆದು, ಮೊದಲನೆಯದರ ನಡುಭಾಗವನ್ನು ಕತ್ತರಿಸಿ ಹಿಗ್ಗಿಸಿ ನೋಡಿದರೆ, ಮರಕ್ಕೂ ಬೆಟ್ಟಕ್ಕೂ ಇರುವ ಅನುಪಾತವು ಎರಡರಲ್ಲಿಯೂ ಒಂದೇ. ಈಗ ಮರದ ಗಾತ್ರವು ಮೊದಲಿನಷ್ಟೇ ಉಳಿಯುವಂತೆ 135ರೊಡನೆ ಹಿಂದೆ ಸರಿಯುತ್ತ ಮರದಿಂದ 386 ಮೀಟರಿನಷ್ಟು ದೂರದಲ್ಲಿ ನಿಂತರೆ, ಬೆಟ್ಟವು ಮೂರು ಪಟ್ಟಿಗೂ ಮೀರಿ ಬೆಳೆದು ಮರದ ಬೆನ್ನಿಗೇ ಬಂದು ನಿಂತಂತೆ ತೋರುತ್ತದೆ. ಮಾಡಿದ್ದು ಲೆನ್ಸಲ್ಲ, ಹಿಂದಿಟ್ಟ ಹೆಜ್ಜೆಗಳು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ಅವರಂತಹ ಪಕ್ಷಿಛಾಯಾಗ್ರಾಹಕರು ಮರೆಯೊಳಗೆ ಅಡಗಿ, ಹಕ್ಕಿಗೆ ಸಮೀಪದಲ್ಲಿ ಕಾದು ಕುಳಿತು ಸಾಧಿಸಿದ ಚಿತ್ರಗಳ ಜೀವಂತಿಕೆಯನ್ನು ಹೊಲದಾಚೆಯಿಂದ ಚಾಚಿದ ಯಾವ ಉದ್ದ ಲೆನ್ಸೂ ಕೊಡದಿರುವುದರ ಗುಟ್ಟೂ ಇದೇ ಆಗಿದೆ.

ಗಾಳಿಯ ಮಾತು ಉಳಿಯಿತು. ಮಾರ್ಚ್ ಏಪ್ರಿಲಿನ ನಡುಹಗಲಿನಲ್ಲಿ ಕಾದ ಬಂಡೆಗಳಿಂದ ಏಳುವ ಬಿಸಿಗಾಳಿಯ ಅಲೆಗಳು ಎರಡು ಕಿಲೋಮೀಟರ್ ಆಚೆಯ ಅಂಚುಗಳನ್ನೆಲ್ಲ ನಡುಗಿಸುತ್ತವೆ. ಲಕ್ಷ ರೂಪಾಯಿಯ ಹೊಸ ಲೆನ್ಸಿಗೂ ಅದರಿಂದ ಬಿಡುಗಡೆಯಿಲ್ಲ. ಯು.ವಿ. ಫಿಲ್ಟರು ಮಬ್ಬನ್ನು ಅಳಿಸುವುದೆಂಬುದು ಫಿಲ್ಮಿನ ಕಾಲಕ್ಕೆ ತಕ್ಕಮಟ್ಟಿಗೆ ನಿಜವಾಗಿದ್ದರೂ, ಆ ಕಿರಣಗಳನ್ನು ಸ್ವಲ್ಪವೇ ಗ್ರಹಿಸುವ ಡಿಜಿಟಲ್ ಸೆನ್ಸರಿಗೆ ಅದರಿಂದಾಗುವ ಲಾಭ ಅತ್ಯಲ್ಪ. ಅವಕೆಂಪು ಕಿರಣವನ್ನು ಸಾಕಷ್ಟು ತಡೆಯದೆ ಕಪ್ಪು ಬಟ್ಟೆಯನ್ನು ನೇರಳೆಯಾಗಿ ತೋರಿಸಿದ ಎಂ8ಕ್ಕೆ ಮಾತ್ರ, ಆ ಕಿರಣವನ್ನೂ ತಡೆಯುವ ಬೇರೆ ಬಗೆಯ ಫಿಲ್ಟರು ನಿಜವಾಗಿಯೂ ಅವಶ್ಯಕವಾಗಿತ್ತು. ಉಳಿದವರು ಸೂರ್ಯೋದಯದ ವೇಳೆಗೆ, ಬಂಡೆ ತಣ್ಣಗಿರುವಾಗಲೇ, ಏರಿಯನ್ನು ಹತ್ತುವುದು ಲೇಸು.

ಹಳೆಯ ಲೆನ್ಸನ್ನು ಕೊಳ್ಳುವವರು ಮುಂಗಾಜಿನ ಸಣ್ಣ ಗೀರಿಗೆ ಅಂಜಬೇಕಾಗಿಲ್ಲ, ಚಿತ್ರದಲ್ಲಿ ಅದು ಕಾಣದು. ಅಂಜಬೇಕಾದುದು ಒಳಗಿನ ಮಬ್ಬಿಗೆ ಮತ್ತು ಬೂಷ್ಟಿಗೆ. ಟಾರ್ಚಿನ ಬೆಳಕನ್ನು ಹಿಂಬದಿಯಿಂದ ಓರೆಯಾಗಿ ಹಾಯಿಸಿದರೆ ಎರಡೂ ಕಾಣುತ್ತವೆ. ಬೂಷ್ಟು ಹಿಡಿದ ಒಂದು ಲೆನ್ಸು ಬೀರುವಿನ ಉಳಿದವನ್ನೆಲ್ಲ ಕೆಡಿಸುವುದೆಂಬ ಭಯವು ಅತಿಯಾದುದು: ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಡೆಯೂ ಇರತಕ್ಕವು, ಮೊಳೆಯಲು ಬೇಕಾದುದು ತೇವ. ಮಲೆನಾಡಿನ ಮಳೆಗಾಲದಲ್ಲಿ ಲೆನ್ಸುಗಳನ್ನು ಕಾಪಾಡಿಕೊಳ್ಳಲು ಹೆಣಗುವವರಿಗೆ ಹೋಲಿಸಿದರೆ, ಒಣಹವೆಯ ಕೋಲಾರ ಸೀಮೆಯವರಿಗೆ ಆ ಚಿಂತೆ ವರ್ಷದ ಬಹುಪಾಲು ಇಲ್ಲ.